ಮೇಸ್ತ್ರಿ ಕೈ ಎತ್ತಿದರೆ

ಮೇಸ್ತ್ರಿಯ ಎಡಗಿವಿಯ ತೂತಿನ ಸುತ್ತ ಒಂದು ಕಪ್ಪು ಉಂಗುರವಿತ್ತು. ಮಚ್ಚೆಯಲ್ಲ, ಹಚ್ಚೆಯೂ ಅಲ್ಲ. ಯಾರೋ ಕೈವಾರ ಇಟ್ಟು ಗೀರಿದ ಹಾಗೆ ದುಂಡಗೆ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಯ ಮೇಲೆ ವಿಭೂತಿ, ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ಬಿಳಿಗೂದಲು. ಇಷ್ಟು ಒಪ್ಪವಾಗಿರುವ ಮನುಷ್ಯ ಕಿವಿ ತೊಳೆಯುವುದನ್ನು ಮಾತ್ರ ಹೇಗೆ ಮರೆತರು ಎಂದು ಮೊದಲ ದಿನವೇ ನನಗೆ ಕುತೂಹಲ. ಮುಚ್ಚಿದ ಡಬ್ಬಿ ಕಂಡರೆ ತೆರೆದು ಮೂಸದೆ ಬಿಡಲಾರಳು ಎಂದು ಅಮ್ಮ ನನ್ನನ್ನು ಬೈಯುತ್ತಿದ್ದಳು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಕೆಲಸ ಸಿಕ್ಕಮೇಲೆ ಆ ಚಟಕ್ಕೆ ಸಂಬಳವೂ ಬರತೊಡಗಿತು. ಹಾಗಾಗಿ ಕೇಳಿಯೇ ಬಿಟ್ಟೆ.

ಮೇಸ್ತ್ರಿ ಗೋಡೆಯ ಮೊಳೆಗೆ ನೇತುಹಾಕಿದ್ದ ಮೊಳದುದ್ದದ ಕಪ್ಪು ರಬ್ಬರ್ ಪೈಪನ್ನು ತೆಗೆದು, ಅದರ ಒಂದು ತುದಿಯನ್ನು ಕಿವಿಗೆ ಒತ್ತಿಕೊಂಡು, ಇನ್ನೊಂದು ತುದಿಯನ್ನು ನನ್ನ ಕಾರಿನ ಎಂಜಿನ್ನಿನ ಹತ್ತಿರ ಹಿಡಿದರು. ಉಂಗುರ ಎಲ್ಲಿಂದ ಬಂತೆಂದು ಆಗ ಗೊತ್ತಾಯಿತು.

ಆ ಕಾರು ನನ್ನ ಸೋದರಮಾವ ಬಿಟ್ಟುಹೋದದ್ದು. ಎರಡೇ ಬಾಗಿಲು, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡಂತಿರುವ ಮೈ. ಪ್ರಾಯದಲ್ಲಿ ಮಾವ ಅದನ್ನು ರೇಸಿಗೆ ಒಯ್ಯುತ್ತಿದ್ದರು. ಈಗಿನ ಕಾರುಗಳಲ್ಲಿ ಪೆಟ್ರೋಲಿಗೆ ಎಷ್ಟು ಗಾಳಿ ಬೆರೆಸಬೇಕೆಂದು ಒಳಗಿನ ಕಂಪ್ಯೂಟರೇ ನೋಡಿಕೊಳ್ಳುತ್ತದೆ. ಇದರಲ್ಲಿ ಆ ಕೆಲಸ ಎರಡು ಕಾರ್ಬುರೇಟರುಗಳದ್ದು, ಎರಡೂ ಒಂದೇ ಸಮನೆ ಗಾಳಿ ಎಳೆಯಬೇಕು. ನನ್ನದು ಮಾಗಡಿ ರಸ್ತೆಯಲ್ಲಿ ಚಿಗರೆಯ ಹಾಗೆ ಓಡುತ್ತಿತ್ತು. ಹೊಸಹಳ್ಳಿ ಸಿಗ್ನಲ್ ಬಂದದ್ದೇ ಕೆಮ್ಮಿ ನಿಂತುಬಿಡುತ್ತಿತ್ತು. ತೋರಿಸಿದ ಗ್ಯಾರೇಜಿನವರೆಲ್ಲ ಮಾರಿಬಿಡಿ ಮೇಡಂ ಎಂದರು. ಕೊನೆಗೆ ಪೆಟ್ರೋಲ್ ಬಂಕಿನವನೊಬ್ಬ, ಗೋವಿಂದರಾಜನಗರದಲ್ಲಿ ಒಬ್ಬರು ಮೇಸ್ತ್ರಿ ಇದ್ದಾರೆ, ಬೋರ್ಡು ಗೀರ್ಡು ಏನಿಲ್ಲ, ಮನೆ ಮುಂದೆಯೇ ಮಾಡುತ್ತಾರೆ, ಆದರೆ ಮಾತು ಸ್ವಲ್ಪ ಜೋರು ಎಂದು ದಾರಿ ಹೇಳಿದ.

ಜೋರು ಹೌದು. ತಮ್ಮ ಬೆನ್ನು ತಾವೇ ತಟ್ಟಿಕೊಳ್ಳುವುದರಲ್ಲಿ ಅವರನ್ನು ಮೀರಿಸಿದವರನ್ನು ನಾನು ಕಂಡಿಲ್ಲ. ಬಿಳಿ ಅಂಗಿ ತೊಟ್ಟು ಎಂಜಿನ್ ಮುಟ್ಟುತ್ತೀರಲ್ಲ ಎಂದರೆ, "ಕಾರ್ಬುರೇಟರ್ ಕೆಲಸದಲ್ಲಿ ಅಂಗಿ ಕಲೆ ಆಯ್ತು ಅಂದ್ರೆ ಅದು ಕೆಲಸ ಅಲ್ಲಮ್ಮ, ಕುಸ್ತಿ" ಎನ್ನುತ್ತಿದ್ದರು. ಕಿಟಕಿಯ ಒಳಗಿಂದ ಅವರ ಹೆಂಡತಿ, ಆ ಅಂಗಿ ಒಗೆಯುವವರನ್ನು ಕೇಳಿ ಎಂದು ಗೊಣಗುವುದು ನನಗೆ ಕೇಳಿಸುತ್ತಿತ್ತು. ಕೆಲಸ ಬೆಳಗಿನ ಹೊತ್ತು ಮಾತ್ರ. ಬಿಸಿಲು ಏರಿದರೆ ಗಾಳಿ ಸುಳ್ಳು ಹೇಳುತ್ತದೆ ಎಂಬುದು ಅವರ ವಾದ. ಸ್ಪಾರ್ಕ್ ಪ್ಲಗ್ ಬಿಚ್ಚಿ ಅದರ ತುದಿ ನೋಡುವರು. ಕಪ್ಪಗಿದ್ದರೆ ಪೆಟ್ರೋಲ್ ಹೆಚ್ಚು, ಬೆಳ್ಳಗಿದ್ದರೆ ಗಾಳಿ ಹೆಚ್ಚು, ರಾಗಿ ಹುರಿಹಿಟ್ಟಿನ ಬಣ್ಣವಿದ್ದರೆ ಸರಿ. ಎರಡು ಕಾರ್ಬುರೇಟರ್ ಅಂದರೆ ಒಂದೇ ಮನೆಯ ಇಬ್ಬರು ಓರಗಿತ್ತಿಯರು, ಒಬ್ಬಳಿಗೆ ಹೆಚ್ಚು ಬಡಿಸಿದರೆ ಸಾಕು, ಇನ್ನೊಬ್ಬಳು ಕೆಮ್ಮಲು ಶುರು ಮಾಡುತ್ತಾಳೆ ಎಂದು ಬಂದವರಿಗೆಲ್ಲ ಹೇಳುವರು.

ಆದರೆ ನನ್ನನ್ನು ಮರುಳು ಮಾಡಿದ್ದು ಇದ್ಯಾವುದೂ ಅಲ್ಲ. ಪೈಪ್ ಕಿವಿಗಿಡುವ ಮುಂಚೆ ಮೇಸ್ತ್ರಿ ಎಡಗೈಯನ್ನು ತಲೆಯ ಮೇಲಕ್ಕೆ ಎತ್ತುತ್ತಿದ್ದರು. ಅಷ್ಟೇ. ಎದುರುಮನೆಯ ಮಿಕ್ಸಿ ನಿಲ್ಲುತ್ತಿತ್ತು. ಮಹಡಿಯ ಮೇಲೆ ಬಟ್ಟೆ ಒಗೆಯುವವರು ಕುಕ್ಕುವುದನ್ನು ನಿಲ್ಲಿಸುತ್ತಿದ್ದರು. ತಳ್ಳುಗಾಡಿಯ ಈರುಳ್ಳಿಯವನು ಮೈಕು ಆರಿಸಿ, ತಕ್ಕಡಿಯ ಸದ್ದೂ ಆಗದಂತೆ ನಿಂತುಬಿಡುತ್ತಿದ್ದ. ನಲವತ್ತು ಮಕ್ಕಳ ತರಗತಿಯಲ್ಲಿ ಮೇಜು ಕುಟ್ಟಿ ಕುಟ್ಟಿ ನನ್ನ ಅಂಗೈ ಕೆಂಪಾಗಿದೆ, ಅಂಥ ನಿಶ್ಶಬ್ದ ನನಗೆ ಒಂದು ದಿನವೂ ಸಿಕ್ಕಿಲ್ಲ.

ನಾನು ಮತ್ತೆ ಮತ್ತೆ ಹೋದೆ, ಕಾರಿನ ನೆಪದಲ್ಲಿ. ನನ್ನ ಕುತೂಹಲ ನೋಡಿ ಅವರೇ ಒಂದು ದಿನ ಪೈಪನ್ನು ನನ್ನ ಕೈಗೆ ಕೊಟ್ಟರು. ಕುಕ್ಕರ್ ಕೂಗುವುದಕ್ಕೆ ಮುಂಚೆ ಬರುವಂಥ ಸಣ್ಣ ಉಸ್ ಸದ್ದು ಅದರೊಳಗಿತ್ತು. ಮುಂದಿನ ಕಾರ್ಬುರೇಟರಿನದೊಂದು, ಹಿಂದಿನದೊಂದು. ಯಾವುದು ಜೋರು ಎಂದು ಕೇಳಿದರು. ಹೇಳಿದೆ. ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿ ಮತ್ತೆ ಕೇಳಿದರು. ಎರಡೂ ಸಮವಾದಾಗ ಎಂಜಿನ್ ತನ್ನಷ್ಟಕ್ಕೆ ತಾನೇ ಮೆತ್ತಗಾಯಿತು. ಆ ದಿನ ನಾನು ನೆಲದ ಮೇಲೆ ನಡೆಯಲಿಲ್ಲ. ಅಲ್ಲಿಂದ ಮುಂದೆ ಪ್ರತಿಸಲವೂ ಹೀಗೇ. ಪರೀಕ್ಷೆ ಮಾಡುವುದು ನನ್ನ ಹೊಟ್ಟೆಪಾಡು. ಈ ವಯಸ್ಸಿನಲ್ಲಿ ಪರೀಕ್ಷೆಗೆ ಕೂರುವ ಖುಷಿಯೇ ಬೇರೆ. ನಾನು ಮಾತಾಡುವಾಗ ಅವರು ಕಣ್ಣು ಕೀಳದೆ ನನ್ನ ಬಾಯನ್ನೇ ನೋಡುವರು. ತಲೆ ತಗ್ಗಿಸಿ ಹೇಳಿದರೆ, ಮುಖ ನೋಡಿ ಮಾತಾಡಬೇಕಮ್ಮ ಎಂದು ಗದರುವರು. ಹಳೆಯ ಕಾಲದ ಶಿಸ್ತು ಎಂದುಕೊಂಡೆ.

ದಸರಾ ರಜೆಯಲ್ಲಿ ಊರಿಗೆ ಹೋಗಿದ್ದವಳು ಬಂದ ಮೇಲೆ ಒಂದು ಭಾನುವಾರ ಕಾರು ಒಯ್ದೆ. ಮೇಸ್ತ್ರಿ ಕೈ ಎತ್ತಿದರು, ಬೀದಿ ಸುಮ್ಮನಾಯಿತು. ಪೈಪನ್ನು ಕಿವಿಗೆ ಒತ್ತಿ ಮುಂದಿನ ಕಾರ್ಬುರೇಟರಿಗೆ ಹಿಡಿದರು, ಹಿಂದಿನದಕ್ಕೆ ಹಿಡಿದರು, ಹುಬ್ಬು ಗಂಟಿಕ್ಕಿದರು, ತಲೆದೂಗಿದರು. ಆಮೇಲೆ ಎಂದಿನಂತೆ ನನಗೆ ಕೊಟ್ಟರು. ನನಗೆ ಏನೂ ಕೇಳಿಸಲಿಲ್ಲ. ಕಿವಿ ಬದಲಿಸಿದೆ, ಆಗಲೂ ಇಲ್ಲ. ಪೈಪಿನ ತುದಿಯನ್ನು ಬೆಳಕಿಗೆ ಹಿಡಿದು ನೋಡಿದರೆ ಒಳಗೆ ಕಣಜದ ಹುಳ ಮಣ್ಣು ಮೆತ್ತಿ ಭದ್ರವಾಗಿ ಗೂಡು ಕಟ್ಟಿತ್ತು. ಇರುವೆ ನುಸುಳಲೂ ಜಾಗವಿರಲಿಲ್ಲ.

ಮುಚ್ಚಿದ ಪೈಪಿನಿಂದ ಅವರು ಏನು ಕೇಳಿ ತಲೆದೂಗಿದರು? ಮೇಸ್ತ್ರಿ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಮಣ್ಣು ತೋರಿಸಿದೆ. ಅವರು ಎಂಜಿನ್ ಆರಿಸಿ, ಬಿಳಿ ಪಂಚೆಯ ಯೋಚನೆಯೂ ಇಲ್ಲದೆ ಧೂಳಿನ ಮೆಟ್ಟಿಲ ಮೇಲೆ ಕೂತರು.

"ಆ ಉಸ್ ಅನ್ನೋದು ಮೊದ್ಲು ಹೋಯ್ತು ಕಣಮ್ಮ," ಎಂದರು. "ಆಮೇಲೆ ಒಂದೊಂದೇ."

ಅಂಗೈಯನ್ನು ಎಂಜಿನ್ ಮೇಲಿಟ್ಟು, ಪ್ಲಗ್ಗಿನ ಬಣ್ಣ ನೋಡಿ ಮುಕ್ಕಾಲು ಪಾಲು ಈಗಲೂ ಹೊಂದಿಸಬಲ್ಲರಂತೆ. ಕೊನೆಯ ಕೂದಲೆಳೆಗೆ ಕಿವಿ ಬೇಕು. ಅದಕ್ಕೆ ಕಾರಿನವರ ಕೈಗೇ ಪೈಪ್ ಕೊಟ್ಟು ಯಾವುದು ಜೋರು ಎಂದು ಕೇಳುವುದು. ಎಲ್ಲರೂ ನನ್ನ ಹಾಗೆಯೇ, ಮೇಸ್ತ್ರಿ ವಿದ್ಯೆ ಕಲಿಸುತ್ತಿದ್ದಾರೆ ಎಂದು ಹಿಗ್ಗಿ ಉತ್ತರ ಹೇಳುತ್ತಿದ್ದರು. ಪರೀಕ್ಷೆಯೂ ಇಲ್ಲ, ಮಣ್ಣೂ ಇಲ್ಲ. ನನಗೆ ನಗುವೂ ಬಂತು, ಅಳುವೂ ಬಂತು. ಡಾಕ್ಟರಿಗೆ ತೋರಿಸಿ, ಕಿವಿಗೆ ಮಿಷನ್ ಹಾಕಿಸಿಕೊಳ್ಳಿ ಎಂದೆ. ಅವರು ಬೀದಿಯ ಕಡೆ ನೋಡಿದರು. ಈರುಳ್ಳಿಯವನು ಇನ್ನೂ ಸುಮ್ಮನೆ ನಿಂತಿದ್ದ.

"ಈ ಬೀದಿ ನನಗೋಸ್ಕರ ಸುಮ್ಮನಾಗತ್ತೆ. ಕಿವುಡ ಅಂತ ಗೊತ್ತಾದ್ರೆ ಯಾರಮ್ಮ ಸುಮ್ಮನಿರ್ತಾರೆ? ಅದೊಂದು ಹೋಗೋದು ಬೇಡ."

ಕಾರು ಬರದಿದ್ದರೆ ಹೇಗೋ ಆಗುತ್ತದೆ, ಕೈ ಎತ್ತಿದಾಗ ಮಿಕ್ಸಿ ನಿಲ್ಲದಿದ್ದರೆ ಆಗುವುದಿಲ್ಲ. ಇಂಥ ಜಂಬದ ಮುದುಕನನ್ನು ಏನು ಮಾಡುವುದು? ತಂತಿ ತಂದು ಮಣ್ಣು ಕೆದಕಿ ತೆಗೆದೆ.

ಅಲ್ಲಿಂದ ಪ್ರತಿ ಭಾನುವಾರ ನಾನು ಅವರ ಕಿವಿಯಾದೆ. ಬೇರೆಯವರ ಕಾರು ಬಂದಾಗ ಅವರು ಪೈಪನ್ನು ತಮ್ಮ ಕಿವಿಗೆ ಒತ್ತಿ ಆಮೇಲೆ ನನಗೆ ಕೊಡುವರು. ನಮ್ಮದೇ ಸಂಜ್ಞೆಗಳಿದ್ದವು. ಮುಂದಿನ ಕಾರ್ಬುರೇಟರ್ ಜೋರಾಗಿದ್ದರೆ ನಾನು ಕನ್ನಡಕ ಸರಿಮಾಡಿಕೊಳ್ಳಬೇಕು, ಹಿಂದಿನದಾದರೆ ಸೆರಗು, ಎರಡೂ ಸಮವಾದರೆ ಕೈ ಕಟ್ಟಿ ನಿಲ್ಲಬೇಕು. ಬಂದವರು ನನ್ನನ್ನು ಶಿಷ್ಯೆ ಎಂದುಕೊಂಡರು. ಒಮ್ಮೆ ನಿಜವಾಗಿಯೂ ಸೆಕೆಗೆ ಕನ್ನಡಕ ಜಾರಿ ಮೂಗಿಗೆ ಬಂತು. ಏರಿಸಿಕೊಂಡದ್ದೇ ತಡ, ಮೇಸ್ತ್ರಿ ಸ್ಕ್ರೂ ತಿರುಗಿಸಿ ಸರಿಯಿದ್ದ ಕಾರನ್ನು ಕೆಮ್ಮಿಸಿಬಿಟ್ಟರು. ಕಾರಿನವರು ಹೋದಮೇಲೆ, ಮೂಗಿಗೆ ಸರಿಹೋಗುವ ಕನ್ನಡಕ ತಗೊಳ್ಳಮ್ಮ ಎಂದು ನನಗೇ ಬೈದರು.

ಕಳೆದ ಶ್ರಾವಣದಲ್ಲಿ, ಒಂದು ಬೆಳಿಗ್ಗೆ ಕಾಫಿ ಕುಡಿದು ಪೇಪರ್ ಹಿಡಿದು ಕೂತವರು ಹಾಗೆಯೇ ಹೊರಟುಹೋದರು. ನಾನು ಹೋಗುವಷ್ಟರಲ್ಲಿ ಮೈ ತೊಳೆದು, ವಿಭೂತಿ ಹಚ್ಚಿ, ಬಿಳಿ ಅಂಗಿ ತೊಡಿಸಿ ಕೂರಿಸಿದ್ದರು. ಹಾರಗಳ ಮಧ್ಯೆ ಎಡಗಿವಿ ಕಾಣುತ್ತಿತ್ತು. ಉಂಗುರ ಹೋಗಿರಲಿಲ್ಲ. ಏನೂ ಕೇಳದ ಕಿವಿಗೆ ಕೊನೆಯವರೆಗೂ ಪೈಪ್ ಒತ್ತಿಕೊಳ್ಳುತ್ತಿದ್ದರಲ್ಲ ಎಂದು ಅಲ್ಲಿ ನಿಂತು ಬಿಕ್ಕಿ ಬಿಕ್ಕಿ ಅತ್ತೆ.

ಕೆಲವು ವಾರಗಳ ನಂತರ ಅವರ ಹೆಂಡತಿ ನನ್ನನ್ನು ಕರೆಸಿ, ಇದು ನಿನ್ನದೇ ಎಂದು ಪೈಪ್ ಕೊಟ್ಟರು. ಅವರ ಮನೆ ಮುಂದೆಯೇ ಬಾನೆಟ್ ಎತ್ತಿದೆ. ಅಷ್ಟರಲ್ಲಿ ಈರುಳ್ಳಿಯವನು ಬಂದು, ಯಾರೂ ಹೇಳದೆಯೇ ಮೈಕು ಆರಿಸಿದ. ಇನ್ನು ಅದೆಲ್ಲ ಬೇಡಪ್ಪ, ನಿನ್ನ ವ್ಯಾಪಾರ ನೋಡಿಕೋ ಎಂದೆ. ಅಷ್ಟಕ್ಕೆ ಸುಮ್ಮನಿರಲಾರದೆ, ಮೇಸ್ತ್ರಿಗೆ ಕೊನೆಗೆ ಕಿವಿಯೇ ಕೇಳುತ್ತಿರಲಿಲ್ಲ, ಗೊತ್ತಾ ಎಂದೂ ಕೇಳಿದೆ.

ಅವನು ತಕ್ಕಡಿಯ ಬಟ್ಟಲನ್ನು ಒರೆಸುತ್ತಾ ನಿಂತ.

"ಗೊತ್ತಿತ್ತು ಅಕ್ಕ. ಒಂದಿನ ಮೈಕ್ ಆಫ್ ಮಾಡೋದು ಮರ್ತೋಗಿತ್ತು. ಅವ್ರ ಬೆನ್ನ ಹಿಂದೇನೇ ಕೂಗ್ತಿತ್ತು. ಅವ್ರು ಕೈ ಎತ್ತಿದ್ರು, ಒಂದು ಗಳಿಗೆ ಕಾದ್ರು, ಆಮೇಲೆ ಸುಮ್ನಾಯ್ತು ಅನ್ನೋ ಥರ ತಲೆ ಆಡ್ಸಿ ಕೆಲಸ ಶುರು ಮಾಡಿದ್ರು. ಮಿಕ್ಸಿ ಆಂಟೀನೂ ನೋಡಿದ್ರು, ಮೇಲಿನ ಮನೆಯೋರೂ ನೋಡಿದ್ರು. ಅವತ್ತಿಂದ ನಾವ್ ಯಾರೂ ಮರೀಲಿಲ್ಲ."

ನಾನು ಎಂಜಿನ್ ಶುರು ಮಾಡಿ, ಪೈಪನ್ನು ಕಿವಿಗಿಟ್ಟು, ನಾಚಿಕೊಂಡೇ ಎಡಗೈ ಎತ್ತಿದೆ. ಎದುರುಮನೆಯ ಮಿಕ್ಸಿ ನಿಂತಿತು.