ಹನೂರಿಗೆ ಹೋಗುವ ರಾಗಿ

ಐರ್ಲೆಂಡಿನ ಗಲಭೆಯ ಸಿನಿಮಾಗಳನ್ನು ನಾನು ನೋಡುವುದು ಕೌದಳ್ಳಿಯ ನಮ್ಮ ಹಿಟ್ಟಿನ ಮಿಲ್ಲಿನಲ್ಲಿ ಕೂತು, ಮೊಬೈಲಿನಲ್ಲಿ. ಮಿಲ್ಲಿನ ಸದ್ದಿಗೆ ಒಂದು ಮಾತೂ ಕೇಳಿಸದು. ಕೇಳಿಸಿದರೂ ಆ ಜನರ ಇಂಗ್ಲಿಷು ನನ್ನ ಬಿ.ಎ.ಗೆ ನಿಲುಕದು. ಕೆಳಗೆ ಬರುವ ಅಕ್ಷರ ಓದಿಕೊಂಡೇ ಹತ್ತಾರು ಮುಗಿಸಿದ್ದೇನೆ. ಹೆಂಡತಿಗೆ ರೇಗುತ್ತದೆ. "ಅದೇ ಮಳೆ, ಅದೇ ಕೋಟು, ಅದೇ ತುಪಾಕಿ. ಏನ್ ಸಿಕ್ತದೆ ಕಣ್ರಿ ನಿಮ್ಗೆ ಅದ್ರಲ್ಲಿ?" ಎನ್ನುತ್ತಾಳೆ.

ನನಗೂ ಸಾಕಾಗಿದೆ. ಬ್ರಿಟಿಷ್ ಸೈನಿಕರಿಗೆ ಸುದ್ದಿ ಮುಟ್ಟಿಸಿದವನನ್ನು ಅವನ ಕಡೆಯವರೇ ಹೊಲದಂಚಿಗೆ ಕರೆದೊಯ್ದು ಗುಂಡಿಕ್ಕುತ್ತಾರೆ. ಒಂದಿಷ್ಟು ಪಿಟೀಲು, ಮುಗಿಯಿತು. ಗುಂಡು ತಿನ್ನದೆ, ಅದೇ ಊರಿನಲ್ಲಿ ಐವತ್ತು ದಾಟಿದ ಅಂಥವನೊಬ್ಬನ ಕಥೆ ಇದ್ದೀತೇ ಎಂದು ಹುಡುಕುತ್ತಲೇ ಇದ್ದೇನೆ. ಸಿಕ್ಕಿಲ್ಲ.

ಹುಡುಕುವುದೇಕೆಂದರೆ, ನಾನು ಅಂಥವನು. ಈ ಕಡೆ ಕಾಡುಗಳ್ಳನ ಬೇಟೆ ನಡೆದಿದ್ದ ವರ್ಷಗಳಲ್ಲಿ, ಕಾಡಿಗೆ ಯಾರ ಮನೆಯ ಹಿಟ್ಟು ಹೋಗುತ್ತಿದೆ ಎಂಬುದೇ ದೊಡ್ಡ ಪ್ರಶ್ನೆಯಾಗಿತ್ತು. ಯಾವ ಮನೆಯಲ್ಲಿ ಎಷ್ಟು ಬಾಯಿ, ವಾರಕ್ಕೆ ಎಷ್ಟು ಸೇರು ರಾಗಿ ಎಂಬುದು ಮಿಲ್ಲಿನವನಿಗೆ ಗೊತ್ತಿರುತ್ತದಲ್ಲ. ಅಪ್ಪ ಮಿಲ್ಲಿನ ಬೆಲ್ಟು ತರಲು ಕೊಳ್ಳೇಗಾಲಕ್ಕೆ ಹೋಗಿದ್ದ ದಿನ ಜೀಪಿನಲ್ಲಿ ಬಂದ ಪೊಲೀಸರು ಕೇಳಿದರು. ಹೊಡೆಯಲಿಲ್ಲ, ಬೈಯಲೂ ಇಲ್ಲ. ಆಗಷ್ಟೇ ಕಾಲೇಜು ಮುಗಿಸಿದ್ದ ನಾನು ದೊಡ್ಡ ಬುದ್ಧಿವಂತನಂತೆ, ಹಿಂದಿನ ಬೀದಿಯ ಅಕ್ಕ ಈ ವಾರ ದುಪ್ಪಟ್ಟು ಬೀಸಿಸಿದ್ದಾಳೆ ಎಂದುಬಿಟ್ಟೆ. ಬಾಣಂತಿ ಮಗಳ ಮಗುವನ್ನು ನೋಡಲು ಯಳಂದೂರಿನ ಬೀಗರು ಬಂದು ಅವಳ ಮನೆಯಲ್ಲಿ ಉಳಿದಿದ್ದರು, ಅಷ್ಟೆ. ಅವಳ ಗಂಡನನ್ನು ಕರೆದೊಯ್ದರು. ಎರಡು ತಿಂಗಳ ಮೇಲೆ ಬಂದವನು ಮತ್ತೆ ನೇಗಿಲು ಹಿಡಿಯಲಿಲ್ಲ.

ಅಪ್ಪನಿಗೆ ನಡೆದದ್ದನ್ನು ಹೇಳಿದೆ. ಬೈಯಲಿಲ್ಲ. ಊರವರು ಕೇಳಿದಾಗ ತಾನೇ ಬಾಯಿಬಿಟ್ಟದ್ದೆಂದು ಒಪ್ಪಿಕೊಂಡ, ಆ ಹೆಸರು ಹೊತ್ತೇ ತೀರಿಕೊಂಡ. ಉಳಿದವರು ನಿಧಾನಕ್ಕೆ ಮಿಲ್ಲಿಗೆ ಮರಳಿದರು. ಅಕ್ಕ ಮಾತ್ರ ಇಂದಿಗೂ ಬಸ್ಸು ಹತ್ತಿ ಹನೂರಿಗೆ ಹೋಗಿ ಬೀಸಿಸಿಕೊಂಡು ಬರುತ್ತಾಳೆ. ಅಪ್ಪನ ಮೇಲಿನ ಸಿಟ್ಟು ಎಂದು ನಾನು ಸಮಾಧಾನ ಮಾಡಿಕೊಂಡಿದ್ದೆ. ನಾಚಿಕೆಗೆಟ್ಟ ಸಮಾಧಾನ.

ಕಳೆದ ತಿಂಗಳು ನಾನೂ ಬೆಲ್ಟು ತರಲು ಕೊಳ್ಳೇಗಾಲಕ್ಕೆ ಹೋಗಿದ್ದೆ. ಬರುವಾಗ ಹನೂರಿನಲ್ಲಿ ಅಕ್ಕ ಹಿಟ್ಟಿನ ಚೀಲದೊಂದಿಗೆ ಬಸ್ಸು ಹತ್ತಿದಳು. ನನ್ನ ಪಕ್ಕ ಬಿಟ್ಟರೆ ಸೀಟಿರಲಿಲ್ಲ, ಕೂತಳು. ತೊಡೆಯ ಮೇಲಿನ ಚೀಲ ಇನ್ನೂ ಬಿಸಿಯಾಗಿತ್ತು, ನನ್ನ ಮೊಣಕೈಗೆ ತಾಗುತ್ತಿತ್ತು. ಹೇಳಿ ಮುಗಿಸಿಬಿಡೋಣ ಎನಿಸಿತು. ಅಷ್ಟು ದಣಿದಿದ್ದೆ.

"ಅಕ್ಕಾ, ಅವತ್ತು ಜೀಪ್ನೋರಿಗೆ ಯೋಳ್ದೋನು ಅಪ್ಪ ಅಲ್ಲ. ನಾನು."

"ಗೊತ್ತು ಕಣ್ಲಾ," ಎಂದಳು, ಕಿಟಕಿಯ ಕಡೆ ನೋಡುತ್ತಲೇ. "ನಿಮ್ಮಪ್ಪ ಅವತ್ತು ಊರಲ್ಲೇ ಇರ್ನಿಲ್ಲ. ಆಮ್ಯಾಕೆ ನಮ್ಮನೆ ಬಾಗ್ಲಿಗೆ ಬಂದು, ನಾನೇ ಯೋಳ್ದೋನು ತಾಯಿ ಅಂತ ಕಣ್ಣೀರಾಕ್ದ. ಆಗ್ಲಿ ಬುಡಪ್ಪ ಅಂದೆ. ಮಗನ್ಗೋಸ್ಕರ ಬಂದವ್ನೆ, ಇನ್ನೇನ್ ಅನ್ಲಿ?"

"ಮತ್ತೆ ಅಪ್ಪ ತೀರ್ಕಂಡ್ ಮ್ಯಾಲೂ ಯಾಕಕ್ಕ ನಮ್ ಮಿಲ್ಗೆ ಬರ್ನಿಲ್ಲ?"

"ನೀನಿದ್ದೀಯಲ್ಲ ಅಲ್ಲಿ."

ಕೌದಳ್ಳಿ ಬಂತು. ಚೀಲ ಇಳಿಸಿಕೊಡಲು ಕೈ ಚಾಚಿದೆ. ಅವಳು ಅದನ್ನು ಕಂಡಕ್ಟರನ ಕೈಗೆ ಕೊಟ್ಟಳು.