ಅಣ್ಣನ ಬಿಂಬುಳಿ ರಸ

ಮೂಡುಬಿದಿರೆಯ ಆಸ್ಪತ್ರೆಯೊಂದರಲ್ಲಿ ನಾನು ನರ್ಸ್. ಓದುವುದು ನನ್ನ ಚಾಳಿ. ಡ್ಯೂಟಿಯ ನಡುವೆ ಚಹಾ ಕುಡಿಯುವಾಗ ಉಳಿದವರು ರೀಲ್ಸ್ ನೋಡಿದರೆ ನಾನು ಮೊಬೈಲಿನಲ್ಲಿ ವೈದ್ಯಕೀಯ ಲೇಖನ ಓದುತ್ತೇನೆ. ಅರ್ಧ ಅರ್ಥವಾಗುತ್ತದೆ, ಉಳಿದರ್ಧವನ್ನು ರೌಂಡ್ಸಿಗೆ ಬರುವ ಡಾಕ್ಟರರ ಬೆನ್ನು ಹಿಡಿದು ಕೇಳುತ್ತೇನೆ. "ಅಕ್ಕಾ, ಪರೀಕ್ಷೆ ಯಾವಾಗ?" ಎಂದು ಕಿರಿಯ ನರ್ಸುಗಳು ಕಿಚಾಯಿಸುತ್ತಾರೆ. ಕಿಚಾಯಿಸಲಿ. ಎಂದೋ ಕಲಿತದ್ದನ್ನೇ ನಂಬಿಕೊಂಡು ರೋಗಿಯ ಮೈ ಮುಟ್ಟುವುದು ನನ್ನಿಂದಾಗದು.

ಆದರೆ ಓದಿದ್ದನ್ನು ಕೇಳುವವರು ಬೇಕಲ್ಲ, ಕರ್ಮ! ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದ್ದು ನಡೆಯುತ್ತದೆ, ಮನೆಯಲ್ಲಿ ವಾಟ್ಸಾಪ್ ಹೇಳಿದ್ದು ನಡೆಯುತ್ತದೆ.

ನನ್ನ ಅಣ್ಣ ಗಲ್ಫಿನಲ್ಲಿ ದುಡಿದು ಬಂದು ಮಡಂತ್ಯಾರಿನಲ್ಲಿ ಸಣ್ಣ ಹೋಟೆಲು ಇಟ್ಟವನು. ಸಕ್ಕರೆ ಕಾಯಿಲೆ ಮೊದಲೇ ಇತ್ತು, ಕಳೆದ ವರ್ಷ ಕೊಲೆಸ್ಟ್ರಾಲೂ ಏರಿತು. ಡಾಕ್ಟರು ಬರೆದುಕೊಟ್ಟ ಮಾತ್ರೆಗೆ ಅವನು ಹೆದರಿದ. "ಒಮ್ಮೆ ಶುರು ಮಾಡಿದ್ರೆ ಸಾಯುವವರೆಗೆ ಬಿಡ್ಲಿಕ್ಕಿಲ್ಲ" ಎಂದು ಅವನ ವಾದ. ಆಗಲೇ ನಮ್ಮ ಕುಟುಂಬದ ಗ್ರೂಪಿಗೆ ಯಾರೋ ಒಂದು ಸಂದೇಶ ತಂದು ಹಾಕಿದರು: ಬರೀ ಹೊಟ್ಟೆಗೆ ಬಿಂಬುಳಿ ರಸ ಕುಡಿದರೆ ಕೊಲೆಸ್ಟ್ರಾಲ್ ಮಾಯ.

ಬಿಂಬುಳಿ ಎಂದರೆ ಬೆರಳುದ್ದದ ಹಸಿರು ಕಾಯಿ, ಕಚ್ಚಿದರೆ ಹಲ್ಲು ಚುಳ್ಳೆನ್ನುವಷ್ಟು ಹುಳಿ. ನಮ್ಮ ಕಡೆ ಮನೆ ಹಿಂದೆ ಒಂದಾದರೂ ಮರ ಇರುತ್ತದೆ. ಬೂತಾಯಿ ಮೀನಿನ ಸಾರಿಗೆ ನಾಲ್ಕು ಹಾಕುತ್ತೇವೆ, ಸ್ವಲ್ಪ ಉಪ್ಪಿನಕಾಯಿ ಮಾಡುತ್ತೇವೆ, ಉಳಿದದ್ದು ಬುಡದಲ್ಲಿ ಬಿದ್ದು ಕೊಳೆಯುತ್ತದೆ. ಅಂಥದ್ದೇ ಮದ್ದು ಎಂದ ಮೇಲೆ ಯಾರು ಬಿಟ್ಟಾರು?

ಆ ರಸ ಕಿಡ್ನಿಯನ್ನು ಕೆಡಿಸುತ್ತದೆಂದು ನಾನು ಓದಿದ್ದೆ. ಅದರಲ್ಲಿರುವ ಆಕ್ಸಲೇಟ್ ಎಂಬ ಅಂಶ ಹರಳುಗಟ್ಟಿ ಕಿಡ್ನಿಯೊಳಗೆ ಕೂರುತ್ತದೆ. ಸಾರಿಗೆ ಹಾಕುವ ನಾಲ್ಕು ಕಾಯಿಯಿಂದಲ್ಲ, ಲೋಟ ತುಂಬ ಕುಡಿಯುವ ರಸದಿಂದ. ಆ ದಿನವೇ ಗ್ರೂಪಿನಲ್ಲಿ ಬರೆದೆ. ಒಂದಿಬ್ಬರು ಹೆಬ್ಬೆರಳು ತೋರಿಸಿದರು, ಚಿಕ್ಕಮ್ಮ ಅದರ ಕೆಳಗೆ ಶುಭೋದಯದ ಹೂವು ಹಾಕಿದರು. ಮನಸ್ಸು ತಡೆಯದೆ ಭಾನುವಾರ ಬೆಳಗ್ಗೆಯೇ ಬಸ್ಸು ಹತ್ತಿ ಹೋದೆ. ಅಣ್ಣ ಮಿಕ್ಸಿಯ ಮುಂದೆಯೇ ನಿಂತಿದ್ದ.

"ಅಣ್ಣಾ, ಅದನ್ನು ಚೆಲ್ಲು. ಕಿಡ್ನಿ ಹೋಗ್ತದೆ."

"ಅಜ್ಜಿ ಕಾಲದಿಂದ ತಿಂದದ್ದಲ್ವಾ ಮಾರಾಯ್ತಿ? ಅವರಿಗೆಲ್ಲ ಕಿಡ್ನಿ ಇರ್ಲಿಲ್ವಾ?"

"ಅಜ್ಜಿ ಸಾರಿಗೆ ಹಾಕಿದ್ದು. ಲೋಟದಲ್ಲಿ ಕುಡಿದದ್ದಲ್ಲ."

"ನಿನಗೆ ಓದಿ ಓದಿ ಮಂಡೆ ಹಾಳಾಗಿದೆ. ಮೊಟ್ಟೆ ತಿನ್ಬೇಡಿ ಅಂದವರೂ ನೀವೇ, ತಿನ್ನಿ ಅಂದವರೂ ನೀವೇ. ಯಾವುದನ್ನು ನಂಬುವುದು?"

ಮೊಟ್ಟೆಯ ವಿಷಯದಲ್ಲಿ ಅವನು ಹೇಳಿದ್ದು ಸುಳ್ಳಲ್ಲ. ಹೊಸತು ಬಂದಾಗ ಹಳೆಯದು ಬದಲಾಗುತ್ತದೆ, ಅದಕ್ಕೇ ಓದುತ್ತಿರಬೇಕು ಎಂದರೆ ಅವನ ತಲೆಗೆ ಹೋಗಬೇಕಲ್ಲ. ಲೋಟ ಕಿತ್ತುಕೊಂಡು ಸಿಂಕಿಗೆ ಸುರಿದೆ. ಮರವನ್ನೇ ಕಡಿಸಿಬಿಡಿ ಎಂದು ಅತ್ತಿಗೆಗೆ ಹೇಳಿದೆ. "ಫಲ ಬಿಡುವ ಮರ ಕಡಿಯುವುದಾ? ಎಂತ ಮಾತು ನಿಂದು!" ಎಂದರು. ಅಣ್ಣ ನಗುತ್ತಿದ್ದ. ನಾನು ಊಟವನ್ನೂ ಮಾಡದೆ ಸಿಟ್ಟಿನಲ್ಲಿ ವಾಪಸು ಬಂದೆ.

ಅವನು ಕುಡಿಯುವುದನ್ನು ಬಿಡಲಿಲ್ಲ. ಕೆಲವು ವಾರಗಳಲ್ಲಿ ಅತ್ತಿಗೆಯ ಫೋನು ಬಂತು. ವಾಂತಿ ನಿಲ್ಲುತ್ತಿಲ್ಲ, ಕಾಲು ಬಾತಿದೆ, ಮೂತ್ರವೇ ಇಲ್ಲ ಎಂದು ಅಳುತ್ತಿದ್ದರು. ಮಂಗಳೂರಿಗೆ ಸಾಗಿಸಿದೆವು. ಕಿಡ್ನಿಯ ಚೂರು ತೆಗೆದು ಪರೀಕ್ಷಿಸಿದಾಗ ತುಂಬ ಅದೇ ಹರಳು. ನಾನು ಹೇಳಿದ್ದೇ ನಿಜವಾಯಿತು. ಇಂಥ ಗೆಲುವನ್ನು ಒಲೆಗೆ ಹಾಕಬೇಕು! ಅವನ ಮೇಲೆ ಕೆಟ್ಟ ಸಿಟ್ಟು ಬಂತು, ಅಷ್ಟೇ ಅಳುವೂ ಬಂತು.

ಈಗ ಬಂಟ್ವಾಳದಲ್ಲಿ ವಾರಕ್ಕೆ ಮೂರು ಸಲ ಡಯಾಲಿಸಿಸ್. ಹೋಟೆಲು ಮುಚ್ಚಿದೆ. ನನಗೆ ರಜೆ ಇದ್ದಾಗ ಜೊತೆಗೆ ಕೂರುತ್ತೇನೆ, ಚಹಾದ ಹೊತ್ತಿನಲ್ಲಿ ಇದೊಂದನ್ನೇ ಓದುತ್ತೇನೆ. ಬೇಗ ಚಿಕಿತ್ಸೆ ಸಿಕ್ಕಿದ ಕೆಲವರ ಕಿಡ್ನಿ ಚೇತರಿಸಿದೆ. ಅಣ್ಣನದರಂತೆ ಸಕ್ಕರೆ ಕಾಯಿಲೆಯಿಂದ ಮೊದಲೇ ಸೊರಗಿ, ಇಷ್ಟು ತಿಂಗಳಾದರೂ ಕೆಲಸ ಮಾಡದ ಕಿಡ್ನಿ ಚೇತರಿಸಿದ ಬಗ್ಗೆ ಎಲ್ಲಿಯೂ ಕಾಣಲಿಲ್ಲ. ಸಿಕ್ಕಿದ್ದನ್ನೆಲ್ಲ ಓದಿದೆ. ನಾನು ತಪ್ಪಾಗಿ ಅರ್ಥ ಮಾಡಿಕೊಂಡಿರಬಹುದೆಂಬ ಆಸೆಯಿಂದ ಕಿಡ್ನಿ ಡಾಕ್ಟರರನ್ನು ಕೇಳಿದೆ. ಸರಿಯಾಗಿಯೇ ಅರ್ಥ ಮಾಡಿಕೊಂಡಿದ್ದೀರಿ ಎಂದರು.

ಮೊನ್ನೆ ಮೆಷಿನ್ ಓಡುತ್ತಿರುವಾಗ ಅಣ್ಣ ಕಣ್ಣು ಮುಚ್ಚಿಕೊಂಡೇ ಕೇಳಿದ, "ನೀನು ಎಲ್ಲ ಓದ್ತಿಯಲ್ಲ. ನನ್ನಂಥವರದ್ದು ಸರಿಯಾಗ್ತದೆ ಅಂತ ಎಲ್ಲಿಯಾದರೂ ಬರೆದದ್ದುಂಟಾ?"

ನಾನು ಏನು ಓದಿದ್ದೇನೆಂದು ಅವನು ಕೇಳಿದ್ದು ಅದೇ ಮೊದಲು.

"ಅದನ್ನು ಇನ್ನೂ ಓದಿಲ್ಲ ಅಣ್ಣಾ" ಎಂದೆ.

"ಬೇಗ ಓದು ಮಾರಾಯ್ತಿ" ಎಂದ.