ಚರ್ಚು ಬಿಟ್ಟ ಕತೆಗಳ ಇನ್ನಾಸಪ್ಪ
“ಚರ್ಚಿನ ಪುಸ್ತಕಕ್ಕೆ ಸೇರಿಸ್ನಿಲ್ಲ ಅಂದ್ರೆ ನಡೀಲೇ ಇಲ್ಲ ಅಂತೀಯೇನ್ಲಾ?” ಎದುರಿಗೆ ಯಾರೂ ಇರದಿದ್ದರೂ ಚನ್ನಪಟ್ಟಣದ ಬೊಂಬೆ ಕೆಲಸದ ಇನ್ನಾಸಪ್ಪಜ್ಜ ಮನೆ ಜಗಲಿಯಲ್ಲಿ ಕೂತು ವಾದಕ್ಕಿಳಿಯುತ್ತಾನೆ. ಯಾವುದೋ ಕಾಲದವರು ಬರೆದಿಟ್ಟು, ಪಾದ್ರಿಗಳು ಹೊರಗಿಟ್ಟ ಬಾಲಯೇಸುವಿನ ಕತೆಗಳೆಲ್ಲ ಅವನ ಬಾಯಲ್ಲಿವೆ. ಯೇಸು ಮಣ್ಣಿನ ಗುಬ್ಬಿ ಮಾಡಿ ಚಪ್ಪಾಳೆ ತಟ್ಟಿದೊಡನೆ ಹಾರಿಹೋದವಲ್ಲ, ಅದರಲ್ಲೊಂದು ರಾಮನಗರದ ಬೆಟ್ಟದಲ್ಲಿ ಗೂಡು ಕಟ್ಟಿತ್ತಂತೆ. ಬಡಗಿ ಅಪ್ಪ ಅಳತೆ ತಪ್ಪಿ ಗಿಡ್ಡ ಕೊಯ್ದ ಹಲಗೆಯನ್ನು ಬಾಲಯೇಸು ಎಳೆದು ಉದ್ದ ಮಾಡಿದನಲ್ಲ, ಇನ್ನೊಸಿ ಎಳೆದಿದ್ದರೆ ಮಾಗಡಿ ಮುಟ್ಟುತ್ತಿತ್ತಂತೆ. ಹೇಳುತ್ತಲೇ ಮರದ ಗುಬ್ಬಿಗೆ ಅರಗಿನ ಬಣ್ಣ ಹಚ್ಚಿ, ಒಮ್ಮೆ ಊದಿ, ಉಸಿರೇನಾದರೂ ಬಂತೇನೋ ಎಂದು ಕಿವಿಗಿಡುತ್ತಾನೆ. “ಹಕ್ಕಿ ಕತೆ ನಮ್ಮ ಕುರಾನಲ್ಲೂ ಐತೆ ಬುಡಜ್ಜ,” ಎಂದ ಒಂದು ದಿನ, ಪಕ್ಕದ ಅಂಗಡಿಗೆ ಹೊಸದಾಗಿ ಬಂದ ಸಮೀವುಲ್ಲಾ. “ಮಾಳಿಗೆಯಿಂದ ಬಿದ್ದು ಸತ್ತ ಹುಡುಗನ್ನ ಯೇಸು ಎಬ್ಬಿಸಿದ್ನಂತಲ್ಲ, ಮೊಬೈಲಲ್ಲಿ ನೋಡ್ದೆ. ಅದನ್ನ ಯಾಕೆ ಹೇಳಲ್ಲ?” ಇನ್ನಾಸಪ್ಪ ಅಡುಗೆಮನೆಯತ್ತ ನೋಡಿದ. ಅಜ್ಜನ ಒಬ್ಬನೇ ಮಗ ಹೆಂಚು ಹೊದಿಸುವಾಗ ಬಿದ್ದವನು ಏಳಲೇ ಇಲ್ಲ. ಅವನ ತಾಯಿ, ಅಜ್ಜನ ಹೆಂಡತಿ, ಒಳಗೆ ಮುದ್ದೆ ಕಟ್ಟುತ್ತಿದ್ದಳು. “ಮೆತ್ತಗೆ ಮಾತಾಡ್ಲಾ,” ಎಂದ. “ಅದೊಂದನ್ನ ಪಾದ್ರಿಗಳು ಬುಟ್ಟಿದ್ದೇ ವಾಸಿ.” ಒಳಗಿಂದ ಕೂಗು ಬಂತು: “ಉಣ್ಣಕ್ಕೆ ಬನ್ನಿ, ಮುದ್ದೆ ಆರೋಯ್ತದೆ!” “ಬಂದೆ ಕಣಮ್ಮಿ,” ಎನ್ನುತ್ತ ಅಜ್ಜ ಎದ್ದ.